ಮರ ಸ್ಪಷ್ಟ, ಚಂದ್ರ ಮಸುಕು: ಮನೆಯಲ್ಲಿ ಮಾಡಿದ 6 ಇಂಚಿನ ಟೆಲಿಸ್ಕೋಪ್‌ನಲ್ಲಿ ಕನ್ನಡಿಗಳ ಅಂತರ ಮತ್ತು ಓರೆ ಸರಿಮಾಡುವುದು

ಕಡಲತಡಿ (ಉಡುಪಿ ಕಡೆ)

ಎಲ್ಲರಿಗೂ ನಮಸ್ಕಾರ. ನ್ಯೂಟೋನಿಯನ್ ಮಾದರಿಯ ಟೆಲಿಸ್ಕೋಪ್ ಕಟ್ಟಿದ್ದೇನೆ, ಅಂದರೆ ತಳದ ದೊಡ್ಡ ಕನ್ನಡಿ ಕೂಡಿಸಿದ ಬೆಳಕನ್ನು ಮೇಲಿನ ಚಿಕ್ಕ ಓರೆ ಕನ್ನಡಿ (ಸೆಕೆಂಡರಿ) ಪಕ್ಕಕ್ಕೆ ತಿರುಗಿಸುತ್ತದೆ. ಮುಖ್ಯ ಕನ್ನಡಿ 150 ಮಿ.ಮೀ., ಕೈಯಲ್ಲೇ ಉಜ್ಜಿ ಪಾಲಿಶ್ ಮಾಡಿದ್ದು. ಎಫ್/8 ಗುರಿ ಇಟ್ಟುಕೊಂಡು ಉಜ್ಜಿದ್ದೆ, ಅಂದರೆ ಸಂಗಮ ದೂರ (ಕನ್ನಡಿಯಿಂದ ಬಹುದೂರದ ವಸ್ತುವಿನ ಬಿಂಬ ಮೂಡುವ ಜಾಗದವರೆಗಿನ ದೂರ) ಕನ್ನಡಿಯ ಅಗಲದ 8 ಪಟ್ಟು, 1200 ಮಿ.ಮೀ. ಟ್ಯೂಬ್‌ಗೆ 200 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪ್. ಓರೆಯಾಗಿ ಕೂರುವ ಸೆಕೆಂಡರಿ ಕನ್ನಡಿಯ ಕಿರಿದಾದ ಅಗಲ 35 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಕೂರಿಸಿ ಒಳಗೆ ಹೊರಗೆ ಸರಿಸುವ ಕೊಳವೆ, ಅಂದರೆ ಫೋಕಸರ್, ಪೂರ್ತಿ ಒಳಗೆ ಹೋದಾಗ ಪೈಪಿನ ಮೇಲ್ಮೈಯಿಂದ 75 ಮಿ.ಮೀ. ಎತ್ತರ ಉಳಿಯುತ್ತದೆ. ಎರಡು ಕನ್ನಡಿಗಳ ನಡುವೆ 1050 ಮಿ.ಮೀ. ಬಿಟ್ಟಿದ್ದೇನೆ.

ತೊಂದರೆ ಏನೆಂದರೆ, ಹಗಲಲ್ಲಿ ಎದುರು ತೋಟದ ತೆಂಗಿನಮರ 25 ಮಿ.ಮೀ. ಐಪೀಸ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಮರ ಸುಮಾರು 40 ಮೀಟರ್ ದೂರ ಇದೆ. ಅದೂ ಫೋಕಸರ್ ಪೂರ್ತಿ ಒಳಗೆ ತಳ್ಳಿದಾಗ ಮಾತ್ರ. ರಾತ್ರಿ ಚಂದ್ರನ ಕಡೆ ತಿರುಗಿಸಿದರೆ ಮಸುಕು. ಇನ್ನೂ ಒಳಗೆ ಹೋಗಬೇಕು ಅನ್ನಿಸುತ್ತದೆ, ಆದರೆ ಜಾಗವೇ ಇಲ್ಲ. ಕನ್ನಡಿಯ ಆಕಾರ ಕೆಟ್ಟಿರಬಹುದಾ? ಲೇಪನ ತೆಗೆಸಿ ಮತ್ತೆ ಉಜ್ಜಬೇಕಾ?

ಗಾಜುಪುಡಿ (ಮೈಸೂರು)

ದಯವಿಟ್ಟು ಕನ್ನಡಿ ಮುಟ್ಟಬೇಡಿ. ಮರದ ಗರಿಗಳು ಸ್ಪಷ್ಟ ಕಾಣುತ್ತಿವೆ ಅಂದರೆ ಕನ್ನಡಿ ಅಷ್ಟು ಕೆಟ್ಟಿಲ್ಲ. ಇದು ಅಂತರದ ಸಮಸ್ಯೆ. ಚಂದ್ರನ ಬಿಂಬ ನಿಮ್ಮ ಫೋಕಸರ್ ಒಳಗೇ ಎಲ್ಲೋ ಮೂಡುತ್ತಿದೆ. ಐಪೀಸ್ ಅಲ್ಲಿಗೆ ತಲುಪುತ್ತಿಲ್ಲ, ಅಷ್ಟೇ.

ನಾನು ಯಾರಿಗಾದರೂ ಮೊದಲು ಹೇಳುವುದು ಒಂದೇ. ಅಂತರ ಮೊದಲು, ಓರೆ ಆಮೇಲೆ. ಅಂತರ ಗೊತ್ತಾಗಬೇಕಾದರೆ ನಿಮ್ಮ ಕನ್ನಡಿಯ ನಿಜವಾದ ಸಂಗಮ ದೂರ ಗೊತ್ತಿರಬೇಕು. ಕಾಗದದ ಮೇಲೆ ಬರೆದುಕೊಂಡ 1200 ಅಲ್ಲ, ಗಾಜಿನ ಮೇಲೆ ಬಂದಿರುವ ಸಂಖ್ಯೆ ಬೇಕು. ಕೈಯಲ್ಲಿ ಉಜ್ಜಿದ ಕನ್ನಡಿ ಅಂದುಕೊಂಡ ಅಂಕಿಗೆ ಸರಿಯಾಗಿ ಬಂದು ನಿಲ್ಲುವುದು ಅಪರೂಪ. ಒಂದೆರಡು ಸೆಂಟಿಮೀಟರ್ ಆಚೀಚೆ ಆಗೇ ಆಗುತ್ತದೆ. ಅದು ದೋಷ ಅಲ್ಲ. ಆದರೆ ಫೋಕಸರ್ ತೂತು ಕೊರೆಯುವ ಮೊದಲು ಅಳೆದುಕೊಂಡಿರಬೇಕು.

ನೀವು ಅಳೆದಿದ್ದೀರಾ?

ಕಡಲತಡಿ

ಇಲ್ಲ ಸರ್. ಉಜ್ಜುವಾಗ ಗುಂಡಿಯ ಆಳ ನೋಡಿ ಲೆಕ್ಕ ಹಾಕಿದ್ದಷ್ಟೇ. ಈಗ ಹೇಗೆ ಅಳೆಯುವುದು?

ಫಿಸಿಕ್ಸ್ ಮೇಷ್ಟ್ರು (ಹಾಸನ)

ಅಳೆಯುವ ಮೊದಲೇ ನಿಮ್ಮ ತೆಂಗಿನಮರದಿಂದ ಅರ್ಧ ಉತ್ತರ ಸಿಗುತ್ತದೆ. ಲೆಕ್ಕ ಮಾಡೋಣ ಬನ್ನಿ.

ಹತ್ತಿರದ ವಸ್ತುವಿನ ಬಿಂಬ ಸಂಗಮ ಬಿಂದುವಿಗಿಂತ ಸ್ವಲ್ಪ ಆಚೆ ಮೂಡುತ್ತದೆ. ಎಷ್ಟು ಆಚೆ? ಸಂಗಮ ದೂರದ ವರ್ಗವನ್ನು, ವಸ್ತುವಿನ ದೂರದಿಂದ ಸಂಗಮ ದೂರ ಕಳೆದು ಬಂದದ್ದರಿಂದ ಭಾಗಿಸಿ. 1.2 ಮೀಟರ್ ಕನ್ನಡಿಗೆ 40 ಮೀಟರ್ ದೂರದ ಮರ ಅಂದರೆ 1.44 ಭಾಗಿಸು 38.8. ಸುಮಾರು 37 ಮಿ.ಮೀ. ಬರುತ್ತದೆ. ಅಂದರೆ ಚಂದ್ರನ ಬಿಂಬಕ್ಕಿಂತ ಮರದ ಬಿಂಬ 37 ಮಿ.ಮೀ. ಹೊರಗೆ. ಹಾಗಾಗಿಯೇ ಮರಕ್ಕೆ ಫೋಕಸ್ ಸಿಕ್ಕಿತು, ಚಂದ್ರನಿಗೆ ಸಿಗಲಿಲ್ಲ.

ಈಗ ನಿಮ್ಮ ಅಳತೆಗಳು. ಸೆಕೆಂಡರಿಯ ನಡುವಿನಿಂದ ಪೈಪಿನ ಹೊರಮೈವರೆಗೆ 100 ಮಿ.ಮೀ. ಅದರ ಮೇಲೆ ಫೋಕಸರ್ 75. ಒಟ್ಟು 175. ಸಂಗಮ ದೂರ ನಿಜವಾಗಿ 1200 ಆಗಿದ್ದರೆ ಸೆಕೆಂಡರಿ ದಾಟಿದ ಮೇಲೆ ಬೆಳಕಿಗೆ ಉಳಿಯುವ ದಾರಿ 1200 ಕಳೆ 1050, ಅಂದರೆ 150. ಚಂದ್ರನ ಬಿಂಬ ಫೋಕಸರ್ ತುದಿಗಿಂತ 25 ಮಿ.ಮೀ. ಕೆಳಗೆ. ಮರದ್ದು ಅದಕ್ಕಿಂತ 37 ಮೇಲೆ, ಅಂದರೆ ತುದಿಯಿಂದ 12 ಮಿ.ಮೀ. ಹೊರಗೆ ಇರಬೇಕಿತ್ತು. ಆಗ ಮರ ನೋಡಲು ಫೋಕಸರನ್ನು ಒಂದಿಷ್ಟು ಹೊರಗೆ ಎಳೆಯಬೇಕಾಗುತ್ತಿತ್ತು. ಆದರೆ ನೀವು ಪೂರ್ತಿ ಒಳಗೆ ತಳ್ಳಿದಾಗ ಮಾತ್ರ ಮರ ಸ್ಪಷ್ಟ ಅಂತೀರಿ. ಐಪೀಸ್ ತನ್ನ ಬ್ಯಾರಲ್ ಒಳಗೆ ಕೆಲವು ಮಿ.ಮೀ. ಕೆಳಗೇ ಬಿಂಬವನ್ನು ಹಿಡಿಯುತ್ತದೆ ಅನ್ನುವುದನ್ನೂ ಸೇರಿಸಿದರೆ, ನಿಮ್ಮ ಸಂಗಮ ದೂರ 1200ಕ್ಕಿಂತ ಹನ್ನೆರಡರಿಂದ ಹದಿನೇಳು ಮಿ.ಮೀ. ಕಡಿಮೆ ಇರಬೇಕು. 1185 ಆಸುಪಾಸು ಅಂತ ನನ್ನ ಅಂದಾಜು.

ಅಳೆದು ನೋಡಿ ಹೇಳಿ. ಸರಿ ಬಂದರೆ ನಮ್ಮ ಮಕ್ಕಳಿಗೆ ತರಗತಿಯಲ್ಲಿ ಇದೇ ಲೆಕ್ಕ ಕೊಡುತ್ತೇನೆ.

ಗಾಜುಪುಡಿ

ಮೇಷ್ಟ್ರೇ, ಸೊಗಸಾದ ಲೆಕ್ಕ.

ಅಳೆಯುವ ವಿಧಾನ ಸುಲಭ. ಕನ್ನಡಿಯನ್ನು ಟ್ಯೂಬ್‌ನಿಂದ ಬಿಚ್ಚಿ. ಸ್ಟೂಲ್ ಮೇಲೆ ಭದ್ರವಾಗಿ ಒರಗಿಸಿ ಚಂದ್ರನ ಕಡೆ ತಿರುಗಿಸಿ. ಮುಂದೆ ಒಂದು ಸಣ್ಣ ಬಿಳಿ ಕಾರ್ಡ್ ಹಿಡಿದು ಹಿಂದೆ ಮುಂದೆ ಸರಿಸಿ. ಚಂದ್ರನ ಚಿಕ್ಕ ಬಿಂಬ ಕಾರ್ಡ್ ಮೇಲೆ ಬೀಳುತ್ತದೆ. ನಿಮ್ಮ ಕನ್ನಡಿಗೆ ಅದರ ಅಗಲ ಸುಮಾರು 11 ಮಿ.ಮೀ. ಅಂಚು ಅತಿ ಚೂಪಾಗಿ ಕಂಡ ಜಾಗದಿಂದ ಕನ್ನಡಿಯ ನಡುವಿನವರೆಗೆ ಟೇಪ್ ಹಿಡಿದು ಅಳೆಯಿರಿ. ಟೇಪಿನ ಲೋಹದ ಕೊಕ್ಕೆ ಲೇಪನಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಮೂರ್ನಾಲ್ಕು ಮಿ.ಮೀ. ಹೆಚ್ಚುಕಮ್ಮಿ ಬರಬಹುದು, ಪರವಾಗಿಲ್ಲ. ನಾಲ್ಕೈದು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ.

ಫೂಕೋ ಪರೀಕ್ಷೆಯ (ಬೆಳಕು ಮತ್ತು ಬ್ಲೇಡಿನಿಂದ ಕನ್ನಡಿಯ ಆಕಾರ ನೋಡುವ ವಿಧಾನ) ಸ್ಟ್ಯಾಂಡ್ ಇದ್ದರೆ ಇನ್ನೂ ಒಳ್ಳೆಯದು. ಬೆಳಕಿನ ತೂತು ಮತ್ತು ಬ್ಲೇಡ್ ಎರಡೂ ಪಕ್ಕಪಕ್ಕ ಇರುವಾಗ ಕನ್ನಡಿ ಒಮ್ಮೆಲೇ ಕಪ್ಪಾಗುವ ಜಾಗ ವಕ್ರತಾ ಕೇಂದ್ರ. ಕನ್ನಡಿಯಿಂದ ಅಲ್ಲಿಗೆ ಇರುವ ದೂರದ ಅರ್ಧ ನಿಮ್ಮ ಸಂಗಮ ದೂರ. ಅರ್ಧ ಮಾಡುವುದರಿಂದ ಅಳತೆಯ ತಪ್ಪೂ ಅರ್ಧ ಆಗುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಸೂರ್ಯನನ್ನು ಬಳಸಿ ಅಳೆಯಬೇಡಿ. 6 ಇಂಚಿನ ಕನ್ನಡಿ ಸೂರ್ಯನ ಬೆಳಕನ್ನು ಕೂಡಿಸಿದರೆ ಕಾಗದ ಹೊತ್ತಿಕೊಳ್ಳುತ್ತದೆ. ಕಣ್ಣಿಗೆ ಬಿದ್ದರೆ ಶಾಶ್ವತ ಹಾನಿ. ಕನ್ನಡಿಯನ್ನು ಬಿಸಿಲು ಬೀಳುವ ಕಿಟಕಿ ಹತ್ತಿರ ಮುಚ್ಚದೆ ಇಡಲೂ ಬಾರದು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಅವರಿಗೂ ಹೇಳಿಕೊಡಿ.

ಕಡಲತಡಿ

ನಿನ್ನೆ ರಾತ್ರಿ ಮೋಡ ಸರಿದ ಮೇಲೆ ಅಳೆದೆ. ಸರಾಸರಿ 1185 ಬಂತು! ಮೇಷ್ಟ್ರೇ, ನಿಮಗೆ ನಮಸ್ಕಾರ.

ಹಾಗಾದರೆ ಈಗ ಸೆಕೆಂಡರಿಯನ್ನು ಸ್ವಲ್ಪ ಕೆಳಗೆ, ದೊಡ್ಡ ಕನ್ನಡಿಯ ಕಡೆಗೆ ಸರಿಸಿದರೆ ಸಾಕಾ?

ಗಾಜುಪುಡಿ

ಸೆಕೆಂಡರಿ ಅಲ್ಲ. ಅದು ಫೋಕಸರ್ ತೂತಿನ ನೇರ ಕೆಳಗೇ ಇರಬೇಕು. ಅದನ್ನು ಸರಿಸಿದರೆ ಬೆಳಕು ತೂತಿನ ನಡುವೆ ಹಾಯುವುದಿಲ್ಲ. ದೊಡ್ಡ ಕನ್ನಡಿಯನ್ನೇ ಮೇಲಕ್ಕೆ ತನ್ನಿ.

ಎಷ್ಟು? ಸಂಗಮ ದೂರ 1185. ಅದರಿಂದ ಪೈಪಿನ ಅರ್ಧ ವ್ಯಾಸ 100 ಕಳೆಯಿರಿ, ಫೋಕಸರ್ 75 ಕಳೆಯಿರಿ. ಮೇಲೆ ಇನ್ನೊಂದು 10 ಕಳೆಯಿರಿ. ಉಳಿದದ್ದು 1000 ಮಿ.ಮೀ. ಎರಡು ಕನ್ನಡಿಗಳ ನಡುವೆ ಇರಬೇಕಾದ ಅಂತರ ಅದು. ಈಗ 1050 ಇದೆ. ಅಂದರೆ 50 ಮಿ.ಮೀ. ಮೇಲಕ್ಕೆ.

ಕೊನೆಯ ಆ 10 ಯಾಕೆ ಅಂದರೆ, ಎಲ್ಲ ಐಪೀಸ್‌ಗಳೂ ಒಂದೇ ಎತ್ತರದಲ್ಲಿ ಫೋಕಸ್ ಆಗುವುದಿಲ್ಲ. ಕೆಲವಕ್ಕೆ ಇನ್ನೂ ಒಳಗೆ ಹೋಗುವ ಅವಕಾಶ ಬೇಕು. ಸಮೀಪದೃಷ್ಟಿ ಇರುವವರು ಕನ್ನಡಕ ತೆಗೆದು ನೋಡಿದರೂ ಐಪೀಸ್ ಒಳಗೆ ತಳ್ಳಬೇಕಾಗುತ್ತದೆ. ಹತ್ತು ಹದಿನೈದು ಮಿ.ಮೀ. ಬಿಟ್ಟುಕೊಂಡಿದ್ದರೆ ಎಲ್ಲರಿಗೂ ಆಗುತ್ತದೆ. ತುಂಬಾ ಜಾಸ್ತಿ ಬಿಡಬೇಡಿ. ಬಿಂಬ ಹೊರಗೆ ಹೋದಷ್ಟೂ ಸೆಕೆಂಡರಿ ದೊಡ್ಡದಾಗಬೇಕು.

ಬೆಳ್ಳಿಚುಕ್ಕಿ (ಬೆಂಗಳೂರು)

ಅಲ್ಲೇ ಒಂದು ಪ್ರಶ್ನೆ. 50 ಮಿ.ಮೀ. ಮೇಲಕ್ಕೆ ತಂದರೆ ಸೆಕೆಂಡರಿಗೆ ಬಂದು ಬೀಳುವ ಬೆಳಕಿನ ಶಂಕು ಅಗಲವಾಗುತ್ತದೆ ಅಲ್ವಾ? 35 ಸಾಕಾಗುತ್ತದಾ? ಮತ್ತೆ ಕೆಲವರು ಸೆಕೆಂಡರಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು ಅಂತಾರೆ.

ಫಿಸಿಕ್ಸ್ ಮೇಷ್ಟ್ರು

ಸಾಕಾಗುತ್ತದೆ. ಹೊಸ ಜಾಗದಲ್ಲಿ ಸೆಕೆಂಡರಿಯಿಂದ ಬಿಂಬಕ್ಕೆ 185 ಮಿ.ಮೀ. ಕನ್ನಡಿ ಈಗ ಎಫ್/7.9. 185 ಭಾಗಿಸು 7.9 ಅಂದರೆ 23.4 ಮಿ.ಮೀ. ನೋಟದ ನಡುಬಿಂದುವಿಗೆ ಪೂರ್ತಿ ಬೆಳಕು ಹೋಗಲು ಬೇಕಾದ ಕನಿಷ್ಠ ಅಗಲ ಇಷ್ಟು. ಉಳಿದ ಅಗಲ ನಡುವಿನ ಸುತ್ತ ಪೂರ್ತಿ ಬೆಳಗುವ ವೃತ್ತಕ್ಕೆ ಹೋಗುತ್ತದೆ. 35 ಇದ್ದರೆ ಆ ವೃತ್ತ ಸುಮಾರು 14 ಮಿ.ಮೀ. ಬರುತ್ತದೆ. ಚಂದ್ರನ ಬಿಂಬ 11 ತಾನೇ, ಇಡೀ ಚಂದ್ರ ಅದರೊಳಗೆ ಕೂರುತ್ತಾನೆ.

25 ಮಿ.ಮೀ. ಸೆಕೆಂಡರಿ ಹಾಕಿದರೆ ಈ ವೃತ್ತ ಬರೀ ಎರಡು ಮಿ.ಮೀ. ಸ್ವಲ್ಪ ಆಚೀಚೆ ಆದರೂ ದೊಡ್ಡ ಕನ್ನಡಿಯ ಅಂಚಿನ ಬೆಳಕು ಕಳೆದುಹೋಗುತ್ತದೆ. ಕಷ್ಟಪಟ್ಟು 6 ಇಂಚು ಉಜ್ಜಿ ಐದೂವರೆ ಇಂಚು ಬಳಸಿದ ಹಾಗೆ. 35 ಅಂದರೆ ವ್ಯಾಸದಲ್ಲಿ 23 ಶೇಕಡಾ ಅಡ್ಡ, ವಿಸ್ತೀರ್ಣದಲ್ಲಿ ಐದೂವರೆ ಶೇಕಡಾಕ್ಕಿಂತ ಕಡಿಮೆ. ನೆಮ್ಮದಿಯಾಗಿ ಬಳಸಿ.

ಮರಗೆಲಸ (ಶಿರಸಿ)

ಪಿವಿಸಿ ಪೈಪ್ ಆದ್ದರಿಂದ ಕೆಲಸ ಸುಲಭ. ಕನ್ನಡಿ ಕೂರಿಸಿದ ಚೌಕಟ್ಟನ್ನು ಪೈಪಿಗೆ ಹಿಡಿದಿರುವ ಮೂರು ಸ್ಕ್ರೂ ಬಿಚ್ಚಿ. 50 ಮಿ.ಮೀ. ಮೇಲೆ ಹೊಸ ತೂತು ಹಾಕಿ. ಪೈಪಿನ ಸುತ್ತ ಕಾಗದದ ಪಟ್ಟಿ ಸುತ್ತಿ ಅಂಚಿಗೆ ಅಂಚು ಕೂಡಿಸಿ ಗೆರೆ ಎಳೆದರೆ ಮೂರೂ ಒಂದೇ ಮಟ್ಟದಲ್ಲಿ ಬರುತ್ತವೆ. ತೂತು ದುಂಡಗೆ ಬೇಡ, ಉದ್ದಕ್ಕೆ 20 ಮಿ.ಮೀ. ಸೀಳು ಮಾಡಿ. ಮುಂದೆ ಬೇರೆ ಐಪೀಸ್‌ಗೋ ಕ್ಯಾಮೆರಾಗೋ ಸರಿಸಬೇಕಾದರೆ ಮತ್ತೆ ಕೊರೆಯುವುದು ತಪ್ಪುತ್ತದೆ. ಕೊರೆಯುವಾಗ ಎರಡೂ ಕನ್ನಡಿ ಹೊರಗಿರಲಿ. ಪಿವಿಸಿ ಪುಡಿ ಲೇಪನದ ಮೇಲೆ ಕೂತರೆ ತೆಗೆಯುವುದು ಕಷ್ಟ.

ಹಿಂದೆ ಪೈಪ್ 50 ಮಿ.ಮೀ. ಖಾಲಿ ಉಳಿಯುತ್ತದೆ. ಇರಲಿ ಬಿಡಿ, ನೆಲಕ್ಕೆ ತಾಗಿದರೂ ಕನ್ನಡಿಗೆ ಪೆಟ್ಟಾಗುವುದಿಲ್ಲ.

ಇನ್ನು ಸ್ಟ್ಯಾಂಡ್‌ಗೆ ಡಾಬ್ಸನ್ ಮಾದರಿಯ ಪ್ಲೈವುಡ್ ಪೆಟ್ಟಿಗೆಯೇ ಸಾಕು. ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ ಸನ್ಯಾಸಿಯಾಗಿದ್ದವರು. ಕೈಗೆ ಸಿಕ್ಕ ಗಾಜು, ರಟ್ಟಿನ ಪೈಪ್, ಪ್ಲೈವುಡ್‌ನಲ್ಲೇ ದೊಡ್ಡ ದೊಡ್ಡ ಟೆಲಿಸ್ಕೋಪ್ ಕಟ್ಟಿ ಬೀದಿಯಲ್ಲಿ ನಿಲ್ಲಿಸಿ ಹೋಗುವವರಿಗೆಲ್ಲ ಚಂದ್ರನನ್ನು ತೋರಿಸಿದರು. ಅವರ ಹೆಸರಿನ ಸ್ಟ್ಯಾಂಡನ್ನು ನಮ್ಮೂರಿನ ಯಾವ ಬಡಗಿಯೂ ಮಾಡಿಕೊಡುತ್ತಾನೆ. ನನಗೆ ಈ ಮನುಷ್ಯನ ಮೇಲೆ ತುಂಬಾ ಗೌರವ.

ಕಡಲತಡಿ

ಕನ್ನಡಿ ಮೇಲಕ್ಕೆ ತಂದೆ. ಚಂದ್ರ ಸ್ಪಷ್ಟ! ಕುಳಿಗಳ ಒಳಗಿನ ನೆರಳು ಕೂಡ ಕತ್ತರಿಸಿದ ಹಾಗೆ ಕಾಣುತ್ತದೆ. ಅಮ್ಮನೂ ಬಂದು ತುಂಬಾ ಹೊತ್ತು ನೋಡಿದರು.

ಆದರೆ 6 ಮಿ.ಮೀ. ಐಪೀಸ್ ಹಾಕಿ ಗುರು ಗ್ರಹ ನೋಡಿದರೆ ಒಂದು ಬದಿ ಚೂಪು, ಇನ್ನೊಂದು ಬದಿ ಹರಡಿಕೊಂಡಿದೆ. ಗುರುವಿನ ಚಂದ್ರಗಳು ಚುಕ್ಕಿಯಾಗಿಲ್ಲ. ಎಲ್ಲಕ್ಕೂ ಒಂದೇ ದಿಕ್ಕಿಗೆ ಚಿಕ್ಕ ಬಾಲ ಇದೆ.

ಗಾಜುಪುಡಿ

ಬಾಲ ಎಲ್ಲಕ್ಕೂ ಒಂದೇ ದಿಕ್ಕಿಗೆ ಇದ್ದರೆ ಅದು ಕಾಲಿಮೇಷನ್ (ಕನ್ನಡಿಗಳ ಓರೆಯ ಹೊಂದಾಣಿಕೆ) ತಪ್ಪಿದ ಗುರುತು. ದೊಡ್ಡ ಕನ್ನಡಿಯ ಅಕ್ಷ (ಅದರ ನಡುವಿನಿಂದ ನೇರ ಹೊರಡುವ ಗೆರೆ) ಐಪೀಸ್ ನಡುವೆ ಬರುತ್ತಿಲ್ಲ. ಚೌಕಟ್ಟು ಬಿಚ್ಚಿ ಕೂರಿಸಿದ್ದೀರಲ್ಲ, ತಪ್ಪುವುದು ಸಹಜ. ಈಗ ಓರೆ ಸರಿಮಾಡುವ ಸಮಯ.

ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ಭಾಗದಲ್ಲಿ ಜನ ಸುಮ್ನೆ ಎಲ್ಲ ಸ್ಕ್ರೂಗಳನ್ನೂ ತಿರುಗಿಸಿ ಸೋತುಹೋಗುತ್ತಾರೆ. ನಿಜವಾಗಿ ಬಿಂಬದ ಚೂಪಿಗೆ ಬೇಕಾದ್ದು ಎರಡೇ ಗೆರೆ. ಐಪೀಸ್ ನಡುವಿನಿಂದ ಹೊರಟ ಗೆರೆ ಸೆಕೆಂಡರಿಗೆ ಬಡಿದು ದೊಡ್ಡ ಕನ್ನಡಿಯ ನಡುವಿಗೆ ಹೋಗಬೇಕು. ಇದು ಸೆಕೆಂಡರಿಯ ಕೆಲಸ. ದೊಡ್ಡ ಕನ್ನಡಿಯ ಅಕ್ಷ ವಾಪಸ್ ಬಂದು ಐಪೀಸ್ ನಡುವಿಗೇ ಸೇರಬೇಕು. ಇದು ದೊಡ್ಡ ಕನ್ನಡಿಯ ಕೆಲಸ. ಈ ಎರಡನ್ನು ಬೆರೆಸಬೇಡಿ.

ಮೊದಲು ದೊಡ್ಡ ಕನ್ನಡಿಗೆ ನಡುಗುರುತು ಬೇಕು. ಕನ್ನಡಿಯ ಅಳತೆಗೆ ಕಾಗದ ದುಂಡಗೆ ಕತ್ತರಿಸಿ ನಾಲ್ಕಾಗಿ ಮಡಚಿ. ಮಡಿಕೆಯ ತುದಿಯಲ್ಲಿ ಸಣ್ಣ ತೂತು ಮಾಡಿ, ಕನ್ನಡಿ ಮೇಲೆ ಹಗುರಾಗಿ ಇಟ್ಟು ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕಿ ಹಾಕಿ. ಅದರ ಸುತ್ತ ಫೈಲ್ ಕಾಗದದ ತೂತಿಗೆ ಅಂಟಿಸುತ್ತಾರಲ್ಲ, ಆ ಉಂಗುರದ ಸ್ಟಿಕ್ಕರ್ ಅಂಟಿಸಿ. ಬಿಂಬಕ್ಕೆ ಏನೂ ತೊಂದರೆ ಇಲ್ಲ. ಆ ಜಾಗ ಹೇಗೂ ಸೆಕೆಂಡರಿಯ ನೆರಳಿನಲ್ಲೇ ಇರುತ್ತದೆ.

ಇಣುಕಲು ಉಪಕರಣ ಕೊಳ್ಳಬೇಕಾಗಿಲ್ಲ. ಫೋಕಸರ್‌ಗೆ ಧೂಳು ತಡೆಯಲು ಬರುವ ಪ್ಲಾಸ್ಟಿಕ್ ಮುಚ್ಚಳದ ಸರಿಯಾದ ನಡುವೆ 2 ಮಿ.ಮೀ. ತೂತು ಹಾಕಿ. ಒಳಮೈಗೆ ಬಿಳಿ ಕಾಗದ ಅಂಟಿಸಿ, ತೂತಿನ ಜಾಗ ಮಾತ್ರ ಬಿಡಿ. ಫೋಕಸರ್‌ಗೆ ಸರಿಯಾಗಿ ಕೂರುವ ಉದ್ದದ ಕೊಳವೆ ಸಿಕ್ಕಿದರೆ ಅದರ ಒಳತುದಿಗೆ ಎರಡು ಕಪ್ಪು ದಾರ ಅಡ್ಡಡ್ಡ ಕಟ್ಟಿ. ನಡುಗೆರೆ ಹಿಡಿಯಲು ಬೇಕಾಗುತ್ತದೆ.

ಈಗ ಹಗಲಲ್ಲಿ, ಬಿಳಿ ಗೋಡೆ ಕಡೆ ಟ್ಯೂಬ್ ತಿರುಗಿಸಿ ಕೂರಿ. ದೊಡ್ಡ ಕನ್ನಡಿಯ ಮುಂದೆ ಒಂದು ಕಾಗದ ಇಟ್ಟು ಅದನ್ನು ಮರೆಮಾಡಿ. ಫೋಕಸರ್ ಎದುರಿನ ಪೈಪ್ ಗೋಡೆಗೆ ಬಣ್ಣದ ಕಾಗದ ಅಂಟಿಸಿ. ಇಣುಕಿದರೆ ಸೆಕೆಂಡರಿಯ ಅಂಚು ಮಾತ್ರ ಕಾಣುತ್ತದೆ, ಒಳಗಿನ ಗೊಂದಲ ಕಾಣುವುದಿಲ್ಲ. ಅದು ದುಂಡಗೆ, ಫೋಕಸರ್ ಕೊಳವೆಯ ನಡುವೆ ಇರಬೇಕು. ಮೊಟ್ಟೆಯಾಕಾರ ಕಂಡರೆ ಸೆಕೆಂಡರಿಯ ದಂಡವನ್ನು ತಿರುಗಿಸಿ. ಹಿಂದೆ ಮುಂದೆ ಇದ್ದರೆ ನಡುವಿನ ಬೋಲ್ಟ್‌ನಿಂದ ಸರಿಸಿ.

ಆಮೇಲೆ ಕಾಗದಗಳನ್ನು ತೆಗೆಯಿರಿ. ಸೆಕೆಂಡರಿಯ ಮೂರು ಚಿಕ್ಕ ಸ್ಕ್ರೂಗಳಿಂದ ದೊಡ್ಡ ಕನ್ನಡಿಯ ಉಂಗುರವನ್ನು ದಾರಗಳ ಕೂಡುವ ಜಾಗಕ್ಕೆ ತನ್ನಿ. ಕನ್ನಡಿ ಬೀಳದ ಹಾಗೆ ಅದರ ಅಂಚಿನಲ್ಲಿರುವ ಮೂರೂ ಕ್ಲಿಪ್ ಕಾಣುತ್ತಿರಬೇಕು. ಒಂದು ಸ್ಕ್ರೂ ಸಡಿಲಿಸಿದಷ್ಟೇ ಉಳಿದವನ್ನು ಬಿಗಿ ಮಾಡಿ. ಈ ಹೊತ್ತಿನಲ್ಲಿ ಟ್ಯೂಬ್ ಅಡ್ಡಡ್ಡ ಮಲಗಿರಲಿ. ನಿಲ್ಲಿಸಿಟ್ಟುಕೊಂಡು ಮಾಡಿದರೆ ಸ್ಕ್ರೂಡ್ರೈವರ್ ಕೈ ತಪ್ಪಿ ದೊಡ್ಡ ಕನ್ನಡಿ ಮೇಲೇ ಬೀಳುತ್ತದೆ.

ಕೊನೆಗೆ ದೊಡ್ಡ ಕನ್ನಡಿಯ ಹಿಂದಿನ ಸ್ಕ್ರೂಗಳು. ಮುಚ್ಚಳದ ಬಿಳಿ ಒಳಮೈ ಪ್ರತಿಫಲಿಸಿ, ನಡುವೆ ನೀವು ಇಣುಕುತ್ತಿರುವ ತೂತು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಆ ಚುಕ್ಕಿ ಉಂಗುರದ ಒಳಗೆ ಕೂರುವ ತನಕ ತಿರುಗಿಸಿ. ಅಲ್ಲಿಗೆ ಮುಗಿಯಿತು.

ಫಿಸಿಕ್ಸ್ ಮೇಷ್ಟ್ರು

ಎಷ್ಟು ತಿರುಗಿಸಿದರೆ ಎಷ್ಟು ಬದಲಾಗುತ್ತದೆ ಅನ್ನುವುದನ್ನೂ ತಿಳಿದುಕೊಂಡರೆ ಕೈ ಹತೋಟಿಯಲ್ಲಿ ಇರುತ್ತದೆ. ಎಂ6 (6 ಮಿ.ಮೀ. ದಪ್ಪದ) ಬೋಲ್ಟ್ ಒಂದು ಸುತ್ತಿಗೆ 1 ಮಿ.ಮೀ. ಮುಂದೆ ಹೋಗುತ್ತದೆ. ಮೂರು ಬೋಲ್ಟ್‌ಗಳು ಕನ್ನಡಿಯ ನಡುವಿನಿಂದ 60 ಮಿ.ಮೀ. ದೂರದಲ್ಲಿವೆ ಅಂದುಕೊಳ್ಳಿ. ಒಂದನ್ನು ತಿರುಗಿಸಿದಾಗ ಕನ್ನಡಿ ಉಳಿದೆರಡನ್ನು ಸೇರಿಸುವ ಗೆರೆಯ ಮೇಲೆ ವಾಲುತ್ತದೆ. ಆ ಗೆರೆಗೆ ಇರುವ ದೂರ 90 ಮಿ.ಮೀ. ಹಾಗಾಗಿ ಒಂದು ಪೂರ್ತಿ ಸುತ್ತಿಗೆ ಬಿಂಬದ ಜಾಗದಲ್ಲಿ ಅಕ್ಷ 1185 ಭಾಗಿಸು 90, ಅಂದರೆ 13 ಮಿ.ಮೀ. ಸರಿಯುತ್ತದೆ.

ಎಷ್ಟು ಸರಿದರೆ ಕೆಡುತ್ತದೆ? ನ್ಯೂಟೋನಿಯನ್‌ನಲ್ಲಿ ಬಾಲ ಗೊತ್ತಾಗದಷ್ಟು ಚೂಪಾಗಿರುವ ವೃತ್ತದ ವ್ಯಾಸ ಎಫ್ ಸಂಖ್ಯೆಯ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. 0.022 ಗುಣಿಸು ಎಫ್ ಸಂಖ್ಯೆಯ ಘನ, ಉತ್ತರ ಮಿ.ಮೀ.ನಲ್ಲಿ. ನಿಮ್ಮದಕ್ಕೆ ಸುಮಾರು 11 ಮಿ.ಮೀ. ಎಫ್/5ಕ್ಕೆ ಮೂರಕ್ಕಿಂತ ಕಡಿಮೆ. ಎಫ್/4ಕ್ಕೆ ಬರೀ 1.4. ನಿಮಗೆ ನಡುವಿನಿಂದ ಐದೂವರೆ ಮಿ.ಮೀ.ವರೆಗೆ ಅವಕಾಶ ಇದೆ, ಅಂದರೆ ಬೋಲ್ಟ್‌ನಲ್ಲಿ ಅರ್ಧ ಸುತ್ತಿಗೆ ಸ್ವಲ್ಪ ಕಡಿಮೆ. ಮೊದಲ ಟೆಲಿಸ್ಕೋಪ್‌ಗೆ ಎಫ್/8 ಮಾಡಿ ಅಂತ ಹಿರಿಯರು ಹೇಳುವುದಕ್ಕೆ ಇದೂ ಒಂದು ಕಾರಣ. ಟ್ಯೂಬ್ ಉದ್ದ ಆಗುತ್ತದೆ, ಆದರೆ ಹೆಚ್ಚು ಕಾಡುವುದಿಲ್ಲ.

ಬೆಳ್ಳಿಚುಕ್ಕಿ

ನನ್ನದು 8 ಇಂಚಿನ ಎಫ್/5, ಸೆಕೆಂಡರಿ 50 ಮಿ.ಮೀ. ಗಾಜುಪುಡಿ ಅವರು ಹೇಳಿದ ಹಾಗೇ ಮಾಡಿದ್ದೇನೆ. ಚುಕ್ಕಿ ಉಂಗುರದ ಒಳಗೇ ಇದೆ. ಆದರೂ ಸೆಕೆಂಡರಿಯ ಕಪ್ಪು ನೆರಳು ನಡುವೆ ಇಲ್ಲ, ಒಂದು ಬದಿಗೆ ಸರಿದಿದೆ. ಅದನ್ನು ನಡುವೆ ತಂದರೆ ಉಂಗುರ ತಪ್ಪುತ್ತದೆ. ಇದನ್ನೇ ಹಿಡಿದುಕೊಂಡು ತಲೆ ಕೆಡಿಸಿಕೊಂಡಿದ್ದೇನೆ.

ಗಾಜುಪುಡಿ

ನೆರಳು ದೊಡ್ಡ ಕನ್ನಡಿ ಇರುವ ದಿಕ್ಕಿಗೆ ಸರಿದಿದೆಯಾ? ಹಾಗಿದ್ದರೆ ನಿಮ್ಮದು ಸರಿಯಾಗೇ ಇದೆ ಮೇಡಂ. ಮುಟ್ಟಬೇಡಿ.

ಬೆಳಕಿನ ಶಂಕುವನ್ನು 45 ಡಿಗ್ರಿ ಓರೆಯಲ್ಲಿ ಕತ್ತರಿಸಿದಾಗ, ದೊಡ್ಡ ಕನ್ನಡಿಯ ಕಡೆಗಿರುವ ಅರ್ಧಕ್ಕೆ ಶಂಕು ಅಗಲ ಇರುತ್ತದೆ, ಇನ್ನರ್ಧಕ್ಕೆ ಕಿರಿದು. ಹಾಗಾಗಿ ಸೆಕೆಂಡರಿ ಫೋಕಸರ್‌ನಿಂದ ಸ್ವಲ್ಪ ಆಚೆಗೆ, ದೊಡ್ಡ ಕನ್ನಡಿಯ ಕಡೆಗೆ ಸ್ವಲ್ಪ ಕೆಳಗೆ ಕೂರಬೇಕು. ಎಷ್ಟು ಅಂದರೆ ಸೆಕೆಂಡರಿಯ ಕಿರಿದಾದ ಅಗಲವನ್ನು ಎಫ್ ಸಂಖ್ಯೆಯ ನಾಲ್ಕು ಪಟ್ಟಿನಿಂದ ಭಾಗಿಸಿ. ನಿಮ್ಮದಕ್ಕೆ 50 ಭಾಗಿಸು 20, ಎರಡೂವರೆ ಮಿ.ಮೀ. ಉಡುಪಿಯವರದ್ದಕ್ಕೆ 1.1. ಅವರಿಗೆ ಕಣ್ಣಿಗೂ ಗೊತ್ತಾಗುವುದಿಲ್ಲ.

ಫೋಕಸರ್ ಕೆಳಗೆ ಸೆಕೆಂಡರಿಯ ಅಂಚನ್ನು ದುಂಡಗೆ, ನಡುವಿಗೆ ತಂದಾಗಲೇ ಕೆಳಕ್ಕೆ ಸರಿಯಬೇಕಾದಷ್ಟು ತಾನಾಗಿ ಸರಿದಿರುತ್ತದೆ. ಅದಕ್ಕೇ ನೆರಳು ಒಂದು ಬದಿಗೆ ಕಾಣುತ್ತದೆ. ನೆರಳನ್ನು ನಡುವೆ ತರಲು ಹೋಗುವುದೇ ಎಫ್/5 ಇರುವವರನ್ನು ಹಾಳು ಮಾಡುವ ಕೆಲಸ. ನೋಡಬೇಕಾದ್ದು ಉಂಗುರ ಮತ್ತು ಚುಕ್ಕಿ.

ಬೆಳ್ಳಿಚುಕ್ಕಿ

ಹೌದು, ದೊಡ್ಡ ಕನ್ನಡಿಯ ಕಡೆಗೇ ಇದೆ. ದೊಡ್ಡ ಭಾರ ಇಳಿಯಿತು! ಲೇಸರ್ ಕಾಲಿಮೇಟರ್ (ಫೋಕಸರ್‌ಗೆ ಹಾಕಿ ಕನ್ನಡಿಗಳ ಓರೆ ನೋಡುವ ಲೇಸರ್) ಕೊಂಡರೆ ಕೆಲಸ ಇನ್ನೂ ಸುಲಭ ಆಗುತ್ತದಾ?

ಮರಗೆಲಸ

ಕೊಳ್ಳಿ, ಆದರೆ ಮೊದಲು ಲೇಸರನ್ನೇ ಪರೀಕ್ಷೆ ಮಾಡಿ. ಕಡಿಮೆ ಬೆಲೆಯವು ತಮ್ಮ ಕೊಳವೆಯೊಳಗೇ ಓರೆಯಾಗಿ ಕೂತಿರುತ್ತವೆ. ಒಂದು ಹಲಗೆಗೆ ಇಂಗ್ಲಿಷಿನ ವಿ ಆಕಾರದಲ್ಲಿ ಎರಡು ಜೋಡಿ ಮೊಳೆ ಹೊಡೆದು ಲೇಸರನ್ನು ಅದರ ಮೇಲೆ ಮಲಗಿಸಿ. ಐದು ಮೀಟರ್ ದೂರದ ಗೋಡೆಗೆ ಬೆಳಕು ಬಿಡಿ. ನಿಧಾನ ಉರುಳಿಸಿ. ಚುಕ್ಕಿ ಒಂದೇ ಕಡೆ ನಿಂತರೆ ಸರಿ. ವೃತ್ತ ಬರೆದರೆ ಲೇಸರಿನದ್ದೇ ತಿರುಪುಗಳನ್ನು ತಿರುಗಿಸಿ ಸರಿಮಾಡಬೇಕು. ಕಣ್ಣಿಗೆ ನೇರ ಬೀಳದ ಹಾಗೆ ಎಚ್ಚರ.

ಗಾಜುಪುಡಿ

ಸೆಕೆಂಡರಿಯ ಓರೆಗೆ ಲೇಸರ್ ಚೆನ್ನ. ದೊಡ್ಡ ಕನ್ನಡಿಗೆ ನೇರ ಲೇಸರ್ ನಂಬಬೇಡಿ. ಫೋಕಸರ್‌ನಲ್ಲಿ ಸ್ವಲ್ಪ ಅಲುಗಾಡಿದರೂ ವಾಪಸ್ ಬರುವ ಚುಕ್ಕಿ ತಪ್ಪು ಜಾಗ ತೋರಿಸುತ್ತದೆ. ಲೇಸರ್ ಮುಂದೆ ಬಾರ್ಲೋ ಲೆನ್ಸ್ (ಐಪೀಸ್ ಜೊತೆ ಹಾಕಿ ಬಿಂಬ ದೊಡ್ಡದು ಮಾಡುವ ಲೆನ್ಸ್) ಹಾಕಿದರೆ ಬೆಳಕು ಹರಡಿ, ಕನ್ನಡಿಯ ಉಂಗುರದ ನೆರಳು ವಾಪಸ್ ಬಂದು ಬೀಳುತ್ತದೆ. ಆ ನೆರಳನ್ನು ನಡುವೆ ತನ್ನಿ. ಲೇಸರ್ ತುಸು ಓರೆ ಇದ್ದರೂ ಈ ವಿಧಾನ ಕೆಡುವುದಿಲ್ಲ. ಎಫ್/5ಕ್ಕೆ ನನ್ನ ಮೆಚ್ಚಿನ ವಿಧಾನ ಇದೇ.

ಕಡಲತಡಿ

ಬಾಲ ಹೋಯಿತು. ಗುರುವಿನ ಎರಡು ಕಂದು ಪಟ್ಟಿ ಬೇರೆ ಬೇರೆ ಕಾಣುತ್ತಿವೆ. ಇನ್ನೊಂದು ಮಾತ್ರ ಉಳಿದಿದೆ. ಹೊಳೆಯುವ ನಕ್ಷತ್ರವನ್ನು ಸ್ವಲ್ಪ ಫೋಕಸ್ ತಪ್ಪಿಸಿ ನೋಡಿದರೆ ಉಂಗುರಗಳು ದುಂಡಗಿಲ್ಲ. ಮೂರು ಮೂಲೆ ಇವೆ.

ಮರಗೆಲಸ

ಮೂರು ಮೂಲೆ, ಮೂರು ಕ್ಲಿಪ್. ಕ್ಲಿಪ್‌ಗಳು ಗಾಜನ್ನು ಒತ್ತುತ್ತಿವೆ. ಗಾಜು ಗಟ್ಟಿ ಅನ್ನಿಸುತ್ತದೆ, ಆದರೆ ಬೆಳಕಿನ ಅಲೆಯ ಲೆಕ್ಕದಲ್ಲಿ ಸ್ವಲ್ಪ ಒತ್ತಡಕ್ಕೂ ಬಾಗುತ್ತದೆ. ಕ್ಲಿಪ್ ಮತ್ತು ಕನ್ನಡಿಯ ನಡುವೆ ಒಂದು ಕಾಗದದ ಹಾಳೆ ಸಲೀಸಾಗಿ ಓಡಾಡಬೇಕು. ಕ್ಲಿಪ್ ಇರುವುದು ಕನ್ನಡಿ ಬೀಳದಿರಲಿ ಅಂತ, ಬಿಗಿ ಹಿಡಿಯಲು ಅಲ್ಲ. ಪಕ್ಕದಿಂದ ಒತ್ತುವ ಸ್ಕ್ರೂ ಇದ್ದರೆ ಅದನ್ನೂ ಸಡಿಲಿಸಿ.

ಗಾಜುಪುಡಿ

ಜೊತೆಗೆ ಟೆಲಿಸ್ಕೋಪನ್ನು ಒಂದು ಗಂಟೆ ಮುಂಚೆ ಹೊರಗೆ ಇಟ್ಟು ಆಮೇಲೆ ಈ ಪರೀಕ್ಷೆ ಮಾಡಿ. ಬಿಸಿ ಕನ್ನಡಿಯ ಮೇಲೆ ಗಾಳಿ ಕದಡುತ್ತಿರುತ್ತದೆ. ಉಂಗುರಗಳ ಆಕಾರ ನಂಬಲು ಆಗುವುದಿಲ್ಲ.

ನಕ್ಷತ್ರದಲ್ಲೇ ಕಾಲಿಮೇಷನ್ ಅಂತಿಮವಾಗಿ ತಿದ್ದುವುದಾದರೆ ಹೀಗೆ ಮಾಡಿ. 150ರಿಂದ 200 ಪಟ್ಟು ದೊಡ್ಡದಾಗಿ ತೋರಿಸುವ ಐಪೀಸ್ ಇರಲಿ. ನೋಟದ ಯಾವ ಜಾಗದಲ್ಲಿ ನಕ್ಷತ್ರ ಅತಿ ಚೊಕ್ಕವಾಗಿ ಕಾಣುತ್ತದೋ ಅಲ್ಲಿಗೆ ಟ್ಯೂಬ್ ಸರಿಸಿ ತಂದುಕೊಳ್ಳಿ. ಆಮೇಲೆ ದೊಡ್ಡ ಕನ್ನಡಿಯ ಸ್ಕ್ರೂಗಳಿಂದ ನಕ್ಷತ್ರವನ್ನು ನಡುವಿಗೆ ತನ್ನಿ. ಒಂದೇ ಸಲಕ್ಕೆ ಆಗುವುದಿಲ್ಲ. ಕನ್ನಡಿ ವಾಲಿದಾಗ ಬಿಂಬ ಅಕ್ಷಕ್ಕಿಂತ ಎರಡು ಪಟ್ಟು ಸರಿಯುತ್ತದೆ, ಹಾಗಾಗಿ ಪ್ರತಿ ಸಲವೂ ತಪ್ಪು ಅರ್ಧದಷ್ಟೇ ಕಡಿಮೆಯಾಗುತ್ತದೆ. ಮತ್ತೆ ಮತ್ತೆ ಮಾಡಿ.

ಬೆಳ್ಳಿಚುಕ್ಕಿ

ಇದಕ್ಕೆ ಧ್ರುವ ನಕ್ಷತ್ರ ಬಳಸಿ, ಅದು ಅಲುಗಾಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮನೆ ತಾರಸಿಯಿಂದ ಅದು ಕಟ್ಟಡಗಳ ಹಿಂದೆ.

ಫಿಸಿಕ್ಸ್ ಮೇಷ್ಟ್ರು

ಆ ಸಲಹೆ ಉತ್ತರದ ದೇಶಗಳಿಗೆ ಸರಿ. ಧ್ರುವ ನಕ್ಷತ್ರದ ಎತ್ತರ ನಿಮ್ಮ ಊರಿನ ಅಕ್ಷಾಂಶದಷ್ಟೇ. ಬೆಂಗಳೂರಿಗೆ 13 ಡಿಗ್ರಿ, ಬೀದರಿಗೂ 18ರ ಒಳಗೆ. ಅಷ್ಟು ಕೆಳಗೆ ದಪ್ಪ ಗಾಳಿಯ ಮೂಲಕ ನೋಡಬೇಕಾಗುತ್ತದೆ, ನಕ್ಷತ್ರ ಕುದಿಯುತ್ತಿರುತ್ತದೆ. ನಮ್ಮಲ್ಲಿ ನೆತ್ತಿಯ ಹತ್ತಿರ ಇರುವ, ಹೊಳಪಿನಲ್ಲಿ ಎರಡನೇ ದರ್ಜೆಯ ನಕ್ಷತ್ರ ಒಂದನ್ನು ಹಿಡಿಯುವುದೇ ಮೇಲು. ಲುಬ್ಧಕದಂಥ ತೀರಾ ಹೊಳೆಯುವುದು ಬೇಡ, ಕಣ್ಣು ಕುಕ್ಕುತ್ತದೆ. ನಕ್ಷತ್ರ ಸರಿದುಹೋಗುತ್ತಿರುತ್ತದೆ ನಿಜ. ಒಬ್ಬರು ಟ್ಯೂಬ್ ಹಿಡಿದು ನಡುವೆ ಇಟ್ಟುಕೊಳ್ಳಲಿ, ಇನ್ನೊಬ್ಬರು ಸ್ಕ್ರೂ ತಿರುಗಿಸಲಿ.

ಕಡಲತಡಿ

ಕ್ಲಿಪ್ ಸಡಿಲಿಸಿದೆ. ಉಂಗುರಗಳು ದುಂಡಗಾದವು. ಇನ್ನು ಪ್ರತಿ ರಾತ್ರಿ ಇಷ್ಟೆಲ್ಲ ಮಾಡಬೇಕಾ?

ಗಾಜುಪುಡಿ

ಬೇಡ. ಅಂತರ ಒಮ್ಮೆ ಸರಿಯಾದರೆ ಮುಗಿಯಿತು. ಸೆಕೆಂಡರಿಯೂ ಪೆಟ್ಟು ಬೀಳದಿದ್ದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ದೊಡ್ಡ ಕನ್ನಡಿಯನ್ನು ಮಾತ್ರ ಪ್ರತಿ ಸಲ ಹೊರಗೆ ತಂದಾಗ ಮುಚ್ಚಳದ ತೂತಿನಿಂದ ನೋಡಿ, ಬೇಕಾದರೆ ಕಾಲು ಸುತ್ತು ತಿರುಗಿಸಿ. ಟ್ಯೂಬನ್ನು 45 ಡಿಗ್ರಿ ಎತ್ತರಕ್ಕೆ ತಿರುಗಿಸಿ ನೋಡಿ. ಕನ್ನಡಿ ತನ್ನ ಭಾರಕ್ಕೆ ಕೂತ ಮೇಲಿನ ಸ್ಥಿತಿ ಅದು. ಅಡ್ಡ ಮಲಗಿಸಿದಾಗ ಸರಿ ಇದ್ದು ಎತ್ತಿದಾಗ ತಪ್ಪಿದರೆ ಹಿಂದಿನ ಸ್ಪ್ರಿಂಗ್‌ಗಳು ಮೆತ್ತಗಾಗಿವೆ ಅಂತ ಅರ್ಥ. ಇನ್ನಷ್ಟು ಗಟ್ಟಿಯಾದ ಸ್ಪ್ರಿಂಗ್ ಹಾಕಿ.

ಕಡಲ ಪಕ್ಕ ಇದ್ದೀರಿ, ಆದ್ದರಿಂದ ಇದೂ ನೆನಪಿರಲಿ. ನೋಡಿ ಮುಗಿದ ಕೂಡಲೇ ಮುಚ್ಚಬೇಡಿ. ಕನ್ನಡಿ ಮೇಲಿನ ಇಬ್ಬನಿ ತಾನಾಗಿ ಆರಿದ ಮೇಲೆ ಎರಡೂ ಕಡೆ ಮುಚ್ಚಿ. ಒರೆಸಲು ಹೋಗಬೇಡಿ. ಟ್ಯೂಬ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ. ಉಪ್ಪುಗಾಳಿಗೆ ಅಲ್ಯೂಮಿನಿಯಂ ಲೇಪನ ಬೇಗ ಹೋಗುತ್ತದೆ.